ಕಾರು ಅಲ್ಲಿ, ನಾನು ಇಲ್ಲಿ

ಸಂಜೆ ಆರೂವರೆ. ಅಮೆರಿಕದ ಟೆನೆಸೀ ರಾಜ್ಯದ ಹಾರ್ಪೆತ್ ಹೊಳೆಯ ದಂಡೆಗೆ ಕಯಾಕ್ ದೋಣಿ ಎಳೆದು ಹಾಕಿದ್ದೇನೆ. ಸೊಂಟದವರೆಗೆ ಒದ್ದೆ, ಕೈಗೆಲ್ಲ ಮೀನಿನ ವಾಸನೆ, ಹೊಟ್ಟೆಯಲ್ಲಿ ಮಧ್ಯಾಹ್ನದ ಎರಡು ಬಾಳೆಹಣ್ಣು ಬಿಟ್ಟರೆ ಮತ್ತೇನಿಲ್ಲ. ಸೇತುವೆ ಕೆಳಗಿನ ಸಿಕಮೋರ್ ಮರಕ್ಕೆ ಬೆಳಿಗ್ಗೆ ಸರಪಳಿ ಹಾಕಿ ಬಿಗಿದಿದ್ದ ಸೈಕಲ್ಲು ಇಟ್ಟ ಹಾಗೇ ಇದೆ. ಜೇಬಿಗೆ ಕೈ ಹಾಕಿದೆ. ಕಾರಿನ ಕೀ ಸಿಕ್ಕಿತು. ಸರಪಳಿಯ ಬೀಗದ ಕೈ ಸಿಗಲಿಲ್ಲ. ಅದು ಕಾರಿನೊಳಗೆ, ಕಾಫಿ ಲೋಟ ಇಡುವ ಗುಳಿಯಲ್ಲಿ, ಚಿಲ್ಲರೆ ಕಾಸಿನ ಜೊತೆ ಮಲಗಿತ್ತು. ಕಾರು ನಿಂತಿದ್ದದ್ದು ನಾನು ಬೆಳಿಗ್ಗೆ ನೀರಿಗಿಳಿದ ಸೇತುವೆಯ ಹತ್ತಿರ, ರಸ್ತೆಯಲ್ಲಿ ಒಂಬತ್ತು ಕಿಲೋಮೀಟರ್ ದೂರ. ಕಾರು ಮುಟ್ಟಬೇಕಾದರೆ ಸೈಕಲ್ಲು ಬೇಕು, ಸೈಕಲ್ಲು ಬಿಚ್ಚಬೇಕಾದರೆ ಕಾರು ಬೇಕು.

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುವ ಗಾದೆ ಮಾಡಿದವನೂ ಎಲ್ಲೋ ಹೊಳೆ ದಂಡೆಯಲ್ಲಿ ನಿಂತು ಇದನ್ನೇ ಅನುಭವಿಸಿರಬೇಕು ಅಂತ ಆಗ ಅನ್ನಿಸಿತು.

ಅಮೆರಿಕದಲ್ಲಿ ಹೊಳೆಯ ಮೇಲೆ ತೇಲುತ್ತಾ ಗಾಳ ಹಾಕುವುದು ದೊಡ್ಡ ಹವ್ಯಾಸ. ಇದನ್ನು ‘ಫ್ಲೋಟ್’ ಅನ್ನುತ್ತಾರೆ. ಮೇಲಿನ ಒಂದು ಕಡವಿನಲ್ಲಿ ದೋಣಿ ಇಳಿಸಿ, ಹರಿವು ಒಯ್ದ ಕಡೆ ಹೋಗುತ್ತಾ, ಬಂಡೆಯ ಮರೆ, ಬಿದ್ದ ಮರದ ಬುಡ, ನೀರು ಸುತ್ತುವ ಮಡು ಇಂಥಲ್ಲೆಲ್ಲ ಗಾಳ ಎಸೆದು, ಸಂಜೆಗೆ ಕೆಳಗಿನ ಇನ್ನೊಂದು ಕಡವಿನಲ್ಲಿ ದಡ ಹತ್ತುವುದು. ಕೆರೆಯಾದರೆ ಇಳಿದ ಜಾಗಕ್ಕೇ ಮರಳಬಹುದು. ಹೊಳೆಯಲ್ಲಿ ಹಾಗಾಗದು. ಆಸೆಪಟ್ಟು ಹತ್ತಿರದ ದಡ ಹತ್ತಿ ರಸ್ತೆಗೆ ನಡೆದು ಹೋಗೋಣವೆಂದರೆ ದಂಡೆಯೆಲ್ಲ ಯಾರದ್ದೋ ಜಮೀನು, ಬೇಲಿಗೆ ‘ಒಳಗೆ ಬರಬೇಡಿ’ ಅನ್ನುವ ಫಲಕ. ಮೊಂಟಾನ ರಾಜ್ಯದಲ್ಲಿ 1985ರಲ್ಲಿ ಕಾನೂನೇ ಮಾಡಿ, ನೀರು ಸಾಮಾನ್ಯವಾಗಿ ಏರುವ ಗುರುತಿನವರೆಗೆ ನದಿಯ ಪಾತ್ರ ಎಲ್ಲರ ಬಳಕೆಗೂ ಮುಕ್ತ ಎಂದರು. ಅಲ್ಲಿಯೂ ಆ ಗುರುತು ದಾಟಿ ಹೊಲದೊಳಗೆ ಕಾಲಿಟ್ಟರೆ ಅತಿಕ್ರಮಣವೇ. ಹಾಗಾಗಿ ಹತ್ತಬೇಕಾದದ್ದು ಗೊತ್ತುಮಾಡಿದ ಕಡವಿನಲ್ಲೇ.

ಇಬ್ಬರಿದ್ದರೆ ಇದು ಸಮಸ್ಯೆಯೇ ಅಲ್ಲ. ಎರಡು ಕಾರು ತಂದು ಒಂದನ್ನು ಕೆಳಗೆ ಬಿಟ್ಟು, ಇನ್ನೊಂದರಲ್ಲಿ ಇಬ್ಬರೂ ಮೇಲೆ ಹೋದರಾಯಿತು. ಈ ಓಡಾಟಕ್ಕೆ ಅವರಿಟ್ಟ ಹೆಸರು ‘ಶಟಲ್’. ನಮಗೆ ಈ ಪದ ಬ್ಯಾಡ್ಮಿಂಟನ್ನಿನಿಂದ ಗೊತ್ತು, ಆದರೆ ಅದರ ಮೂಲ ಮಗ್ಗ. ನೇಕಾರನ ಲಾಳಿಗೆ ಇಂಗ್ಲಿಷಿನಲ್ಲಿ ಶಟಲ್. ಹಾಸಿನ ನೂಲಿನ ನಡುವೆ ಅತ್ತಿಂದಿತ್ತ, ಇತ್ತಿಂದತ್ತ ಓಡುವುದೇ ಅದರ ಕೆಲಸ. ಒಬ್ಬನೇ ಹೋಗುವವನಿಗೆ ಲಾಳಿಯೂ ತಾನೇ ಆಗಬೇಕು, ನೂಲೂ ತಾನೇ ಆಗಬೇಕು. ಇರುವವನು ಒಬ್ಬ, ಕಾರು ಒಂದು. ಅವೆರಡೂ ಬೆಳಿಗ್ಗೆ ಒಂದೇ ಕಡೆ ಇದ್ದು, ಸಂಜೆಗೂ ಒಂದೇ ಕಡೆ ಸೇರಬೇಕು, ನಡುವೆ ಮಾತ್ರ ಬೇರೆ ಬೇರೆ ಊರಲ್ಲಿರಬೇಕು.

ನಾನಿರುವ ನ್ಯಾಶ್‌ವಿಲ್‌ನಲ್ಲಿ ಇದು ಇನ್ನೂರು ವರ್ಷ ಹಳೆಯ ತಲೆನೋವು. ಉಗಿದೋಣಿ ಬರುವ ಮುಂಚೆ ಒಹಾಯೊ, ಕೆಂಟಕಿ, ಟೆನೆಸೀ ಕಡೆಯ ರೈತರು ಮೆಕ್ಕೆಜೋಳ, ಹಂದಿಮಾಂಸ, ತಂಬಾಕು, ವಿಸ್ಕಿಗಳನ್ನು ಚಪ್ಪಟೆ ತಳದ ದೊಡ್ಡ ದೋಣಿಗಳಿಗೆ ತುಂಬಿ ಮಿಸಿಸಿಪಿಯಲ್ಲಿ ತೇಲಿಬಿಡುತ್ತಿದ್ದರು. ನ್ಯಾಚೆಜ್ ಅಥವಾ ನ್ಯೂ ಆರ್ಲಿಯನ್ಸ್ ತಲುಪಿ ಸರಕು ಮಾರಿದ ಮೇಲೆ ದೋಣಿಯನ್ನು ಏನು ಮಾಡುವುದು? ಹರಿವಿಗೆ ಎದುರಾಗಿ ಅದನ್ನು ತರಲು ಸಾಧ್ಯವಿಲ್ಲ. ಬಿಚ್ಚಿ ಮರದ ಲೆಕ್ಕದಲ್ಲಿ ಮಾರಿಬಿಡುತ್ತಿದ್ದರು. ನ್ಯೂ ಆರ್ಲಿಯನ್ಸಿನ ಹಳೆ ಮನೆಗಳ ಗೋಡೆ ಕೆಡವಿದಾಗ ಈಗಲೂ ಆ ದೋಣಿಗಳ ಹಲಗೆಗಳು ಸಿಗುತ್ತವೆ. ಹಣ ಕಟ್ಟಿಕೊಂಡ ದೋಣಿಗಾರರು ‘ನ್ಯಾಚೆಜ್ ಟ್ರೇಸ್’ ಅನ್ನುವ ಕಾಡುದಾರಿ ಹಿಡಿದು ನ್ಯಾಶ್‌ವಿಲ್‌ವರೆಗೆ ಸುಮಾರು ಏಳುನೂರು ಕಿಲೋಮೀಟರ್ ನಡೆದು ಬರುತ್ತಿದ್ದರು. ತಿಂಗಳಿಗೂ ಮೇಲೆ ಹಿಡಿಯುತ್ತಿತ್ತು, ದಾರಿಯಲ್ಲಿ ದರೋಡೆಕೋರರ ಕಾಟ ಬೇರೆ. 1812ರ ಆರಂಭದಲ್ಲಿ ಮೊದಲ ಉಗಿದೋಣಿ ನ್ಯೂ ಆರ್ಲಿಯನ್ಸ್ ಮುಟ್ಟಿತು. ಹರಿವಿಗೆ ಎದುರಾಗಿ ಸಾಗಬಲ್ಲ ಯಂತ್ರ ಬಂದ ಮೇಲೆ ನಡೆಯುವವರು ಕಡಿಮೆಯಾಗುತ್ತಾ ಹೋದರು. 1828ರಲ್ಲಿ ಹತ್ತೊಂಬತ್ತರ ಹುಡುಗ ಅಬ್ರಹಾಂ ಲಿಂಕನ್ ಚಪ್ಪಟೆ ದೋಣಿಯಲ್ಲಿ ನ್ಯೂ ಆರ್ಲಿಯನ್ಸಿಗೆ ಇಳಿದು ಹೋದವನು ಉಗಿದೋಣಿ ಹತ್ತಿ ಊರಿಗೆ ಮರಳಿದ. ಟ್ರೇಸ್ ಈಗ ಚೆಂದದ ಡಾಂಬರು ರಸ್ತೆ, ಅದರ ಉತ್ತರದ ತುದಿ ನನ್ನ ಮನೆಯಿಂದ ದೂರವೇನಲ್ಲ. ಬೀಗದ ಕೈ ಮರೆತ ಆ ಸಂಜೆ ಏಳುನೂರು ಕಿಲೋಮೀಟರ್ ನಡೆದವರ ನೆನಪಾಗಿ ಒಂಬತ್ತು ಕಿಲೋಮೀಟರಿಗೆ ಗೊಣಗಲು ನಾಚಿಕೆಯಾಯಿತು. ಆದರೂ ಗೊಣಗಿದೆ.

ದುಡ್ಡು ಕೊಡಲು ತಯಾರಿದ್ದರೆ ಅಮೆರಿಕದಲ್ಲಿ ಇದಕ್ಕೂ ಸೇವೆ ಇದೆ. ಮೊಂಟಾನದ ಮ್ಯಾಡಿಸನ್ ನದಿಯ ದಂಡೆಯಲ್ಲಿ ಎನಿಸ್ ಎಂಬ ಪುಟ್ಟ ಊರಿದೆ. ಟ್ರೌಟ್ ಮೀನಿಗಾಗಿ ಜನ ಎಲ್ಲೆಲ್ಲಿಂದಲೋ ಅಲ್ಲಿಗೆ ಬರುತ್ತಾರೆ. ಬೆಳಿಗ್ಗೆ ಗಾಳದಂಗಡಿಗೆ ಫೋನ್ ಮಾಡಿ ಗಾಡಿಯ ಬಣ್ಣ, ನಂಬರು, ಇಳಿಯುವ ಕಡವು, ಹತ್ತುವ ಕಡವು ಹೇಳಿದರೆ ಸಾಕು. ಕೀಯನ್ನು ಪೆಟ್ರೋಲ್ ಮುಚ್ಚಳದ ಸಂದಿನಲ್ಲೋ ಚಕ್ರದ ಮೇಲೋ ಇಟ್ಟು ನೀರಿಗಿಳಿಯುವುದು. ನೀವು ಮೀನಿನ ಜೊತೆ ಜಟಾಪಟಿಯಲ್ಲಿರುವಾಗ ಅಪರಿಚಿತರಿಬ್ಬರು ಬಂದು, ಒಬ್ಬರು ನಿಮ್ಮ ಗಾಡಿ ಓಡಿಸಿ, ಇನ್ನೊಬ್ಬರು ಹಿಂದೆ ತಮ್ಮ ಕಾರಿನಲ್ಲಿ ಬಂದು, ನಿಮ್ಮದನ್ನು ಕೆಳಗಿನ ಕಡವಿನಲ್ಲಿ ನಿಲ್ಲಿಸಿ ಹೋಗುತ್ತಾರೆ. ನಾಲ್ಕು ಬೀಗ ಹಾಕಿ ಐದನೆಯದನ್ನು ಎಳೆದು ನೋಡುವ ಮನೆಯಲ್ಲಿ ಬೆಳೆದ ನನಗೆ ಮೊದಲ ಸಲ ಗಾಡಿಯ ಕೀಯನ್ನು ಚಕ್ರದ ಮೇಲಿಟ್ಟು ಹೊರಟಾಗ ಎದೆ ಢವಗುಟ್ಟಿತ್ತು. ಅರ್ಧ ದಿನ ಮೀನಿನ ಕಡೆ ಗಮನವೇ ಇರಲಿಲ್ಲ. ಸಂಜೆ ತಿರುವು ದಾಟಿದರೆ ಗಾಡಿ ನೆರಳು ಹುಡುಕಿ ನಿಲ್ಲಿಸಿದ ಹಾಗೆ ಮರದಡಿ ನಿಂತಿತ್ತು.

ಟೆನೆಸೀ ಕಡೆ ಪದ್ಧತಿ ಬೇರೆ. ಇಲ್ಲಿ ಕನೂ ಬಾಡಿಗೆಗೆ ಕೊಡುವವರು ನಿಮ್ಮ ಕಾರನ್ನು ಕೆಳಗಿನ ಕಡವಿನಲ್ಲೇ ಬಿಡಿಸಿ, ನಿಮ್ಮನ್ನೂ ದೋಣಿಯನ್ನೂ ವ್ಯಾನಿನಲ್ಲಿ ಮೇಲಕ್ಕೆ ಒಯ್ಯುತ್ತಾರೆ. ಸ್ವಂತ ದೋಣಿ ಇದ್ದವರನ್ನೂ ಕೆಲವರು ಹತ್ತಿಸಿಕೊಳ್ಳುತ್ತಾರೆ. ನನ್ನ ಕೇಳಿದರೆ ಇದೇ ಉತ್ತಮ. ತೇಲುವುದೇ ನಿಮ್ಮ ಕಾರಿನ ಕಡೆಗೆ. ಎಷ್ಟು ಹೊತ್ತಿಗೆ ತಲುಪಿದರೂ ಯಾರೂ ಕಾಯುತ್ತಿರುವುದಿಲ್ಲ. ತೊಂದರೆ ಏನೆಂದರೆ ಇವರೆಲ್ಲ ಬೇಸಿಗೆಯ ಜನ. ಅಕ್ಟೋಬರಿನ ಮಂಗಳವಾರ ಬೆಳಿಗ್ಗೆ ಆರಕ್ಕೆ, ಬಾಸ್ ಮೀನು ಹಸಿದಿರುವ ಹೊತ್ತಿಗೆ, ಯಾರೂ ಫೋನ್ ಎತ್ತುವುದಿಲ್ಲ.

ಆಗ ಉಳಿಯುವುದು ಸೈಕಲ್ಲು. ಸೈಕಲ್ ಶಟಲ್‌ಗೆ ಎರಡು ವಿಧಾನ. ಬಹುತೇಕರು ಮಾಡುವುದು, ಆ ದಿನ ನಾನೂ ಮಾಡಿದ್ದು, ಮೊದಲನೆಯದು: ಕಾರಿನಲ್ಲಿ ಕೆಳಗಿನ ಕಡವಿಗೆ ಹೋಗಿ ಸೈಕಲ್ ಕಟ್ಟಿ, ಕಾರನ್ನು ಮೇಲೆ ಒಯ್ದು, ತೇಲಿ ಬಂದು, ಸೈಕಲ್ ತುಳಿದು ಕಾರಿನ ಹತ್ತಿರ ಹೋಗುವುದು. ಬೆಳಿಗ್ಗೆ ಬೇಗ ನೀರಿಗಿಳಿಯಬಹುದು ಅನ್ನುವ ಆಸೆಗೆ ಜನ ಇದಕ್ಕೆ ಬೀಳುತ್ತಾರೆ. ಆದರೆ ಸಂಜೆಯ ಸ್ಥಿತಿ ನೋಡಿ. ಮೈ ದಣಿದಿದೆ, ಬಟ್ಟೆ ಒದ್ದೆ, ಹೊಳೆ ಇಳಿಜಾರಿಗೆ ಹರಿದದ್ದರಿಂದ ಮರಳುವ ದಾರಿ ಏರು, ಕತ್ತಲಾಗುತ್ತಿದೆ, ಕಿರಿದಾದ ಹಳ್ಳಿ ರಸ್ತೆಯಲ್ಲಿ ಪಿಕಪ್ ಟ್ರಕ್ಕುಗಳು ಬರ್ರನೆ ಬರುತ್ತಿವೆ. ಮೂವತ್ತು ಕೆ.ಜಿ.ಯ ಕಯಾಕ್ ದಂಡೆಯಲ್ಲಿ ಅನಾಥ. ಗಾಳದ ಕೋಲು, ಡಬ್ಬಿಗಳು ಪೊದೆಯೊಳಗೆ.

ಎರಡನೆಯದು ತಿರುವುಮುರುವು. ಮೊದಲು ಮೇಲಿನ ಕಡವಿಗೆ ಹೋಗಿ ದೋಣಿಯನ್ನು ಮರಕ್ಕೆ ಸರಪಳಿ ಹಾಕಿ ಬಿಟ್ಟು, ಕಾರನ್ನು ಕೆಳಗೆ ಒಯ್ದು ನಿಲ್ಲಿಸಿ, ಸೈಕಲ್ ತುಳಿದು ಮೇಲೆ ಬಂದು, ಸೈಕಲ್ಲನ್ನು ಅದೇ ಮರಕ್ಕೆ ಕಟ್ಟಿ ನೀರಿಗಿಳಿಯುವುದು. ಏರು ದಾರಿಯನ್ನು ಬೆಳಗಿನ ತಂಪಿನಲ್ಲಿ, ಒಣ ಬಟ್ಟೆಯಲ್ಲಿ, ಹೊಸ ಕಾಲಿನಲ್ಲಿ ಮುಗಿಸಿಬಿಡಬಹುದು. ಎರಡು ತುಂಡಾಗಿ ಬಿಚ್ಚುವ ಗಾಳದ ಕೋಲು ಬೆನ್ನಿನ ಚೀಲದಲ್ಲಿ ಕೂರುತ್ತದೆ, ಅದನ್ನು ಎಲ್ಲೂ ಬಿಟ್ಟು ಹೋಗುವ ಪ್ರಸಂಗವಿಲ್ಲ. ಸಂಜೆ ದಡ ಹತ್ತಿದರೆ ಎದುರಿಗೇ ಕಾರು, ಅದರಲ್ಲಿ ಒಣ ಪ್ಯಾಂಟು, ಫ್ಲಾಸ್ಕಿನಲ್ಲಿ ಕಾಫಿ. ಸೈಕಲ್ಲನ್ನು ಮನೆಗೆ ಹೋಗುವಾಗ ಎತ್ತಿಕೊಂಡರಾಯಿತು. ದಿನವಿಡೀ ಕಾವಲಿಲ್ಲದೆ ಬಿದ್ದಿರುವುದು ಹಳೇ ಸೈಕಲ್ಲು ಮಾತ್ರ, ಅದನ್ನು ಕದ್ದವನಿಗೆ ನಷ್ಟ. ಮುಖ್ಯವಾಗಿ, ಹೊಳೆಯ ಮೇಲಿರುವಾಗ ಗಡಿಯಾರ ನೋಡಬೇಕಿಲ್ಲ. ಸಂಜೆ ಸೈಕಲ್ ತುಳಿಯಬೇಕಾದವನು ನಾಲ್ಕು ಗಂಟೆಗೇ ಲೆಕ್ಕ ಶುರುಮಾಡುತ್ತಾನೆ. ಮೀನು ಕಚ್ಚತೊಡಗುವುದು ಐದೂವರೆಗೆ.

ಮೇಲೆ ಹೋಗುವ ಕಷ್ಟವನ್ನು ಮೊದಲೇ ಮುಗಿಸುವ ಈ ಪಾಠವನ್ನು ನನಗೆ ಆನೆಗುಂದಿಯ ಅಂಬಿಗರು ಯಾವತ್ತೋ ಕಲಿಸಿದ್ದರು, ನಾನು ಕಲಿತಿರಲಿಲ್ಲ ಅಷ್ಟೆ. ಕಾಲೇಜು ದಿನಗಳಲ್ಲಿ ತುಂಗಭದ್ರೆಯ ದಂಡೆಯಲ್ಲಿ ಕೂತು ಹರಿಗೋಲು ದಾಟಿಸುವುದನ್ನು ನೋಡುತ್ತಿದ್ದೆ. ಅಂಬಿಗ ಎದುರು ದಡಕ್ಕೆ ನೇರ ಹುಟ್ಟು ಹಾಕುತ್ತಿರಲಿಲ್ಲ. ಮೊದಲು ಹರಿಗೋಲನ್ನು ದಂಡೆಗುಂಟ ಮೇಲಕ್ಕೆ ಎಳೆದುಕೊಂಡು ಹೋಗುತ್ತಿದ್ದ, ಒಮ್ಮೊಮ್ಮೆ ತಲೆಯ ಮೇಲೆ ಬೋರಲು ಹೊತ್ತು. ಆಮೇಲೆ ನೀರಿಗೆ ಬಿಟ್ಟರೆ ಹರಿವು ಓರೆಯಾಗಿ ಒಯ್ದು ಸರಿಯಾಗಿ ಬೇಕಾದ ಮೆಟ್ಟಿಲಿಗೆ ಮುಟ್ಟಿಸುತ್ತಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಬುಟ್ಟಿ ದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಆಗ ಹೊರಗೆ ತೊಗಲಿತ್ತು, ಈಗ ಟಾರು ಬಳಿದ ಪ್ಲಾಸ್ಟಿಕ್ ಹಾಳೆ. ವೇಲ್ಸ್ ದೇಶದ ಟೈವಿ ನದಿಯಲ್ಲೂ ಹೀಗೇ ಬುಟ್ಟಿಯಂಥ ದೋಣಿ ಇದೆ. ಅಲ್ಲಿನ ಬೆಸ್ತರು ಬಲೆ ಹಿಡಿದು ಕೆಳಗೆ ತೇಲಿ, ದೋಣಿಯನ್ನು ಆಮೆಯ ಚಿಪ್ಪಿನ ಹಾಗೆ ಬೆನ್ನಿಗೆ ಹೊತ್ತು ಮೇಲಕ್ಕೆ ನಡೆಯುತ್ತಾರೆ. ಹೊರಲು ಬರುವ ದೋಣಿ ಇದ್ದರೆ ಶಟಲ್ಲೇ ಬೇಡ. ಈಗ ಅದರ ಹೊಸ ಅವತಾರ ಪ್ಯಾಕ್‌ರಾಫ್ಟ್. ಅಲಾಸ್ಕಾದ ಶೆರಿ ಟಿಂಗಿ ಎಂಬಾಕೆ ಮಗನ ಚಾರಣಕ್ಕೆಂದು ಹೊಲಿದುಕೊಟ್ಟ ಗಾಳಿ ತುಂಬುವ ದೋಣಿಯಿಂದ ಬೆಳೆದ ಉದ್ಯಮ ಇವತ್ತು ಜಗತ್ತೆಲ್ಲ ಹಬ್ಬಿದೆ. ಮೂರು ಕೆ.ಜಿ. ಆಸುಪಾಸಿನ ತೂಕ, ಮಡಿಸಿದರೆ ಬೆನ್ನಿನ ಚೀಲದಲ್ಲಿ ಹಿಡಿಯುತ್ತದೆ, ಬೇಕಿದ್ದರೆ ಅದರ ಮೂತಿಗೆ ಸೈಕಲ್ಲನ್ನೇ ಕಟ್ಟಿಕೊಂಡು ತೇಲಬಹುದು. ಬೆಲೆ ಕೇಳಿದ ಮೇಲೆ ನಾನು ಆ ಯೋಚನೆ ಬಿಟ್ಟೆ.

ಇಷ್ಟೆಲ್ಲ ಉಪಾಯಗಳ ನಡುವೆ ಹಾರ್ಪೆತ್ ಹೊಳೆಯೇ ಒಂದು ಕಡೆ ನಮ್ಮಂಥ ಒಂಟಿಗರಿಗೆ ದಾರಿ ಮಾಡಿಕೊಟ್ಟಿದೆ. ಸುಮಾರು 185 ಕಿಲೋಮೀಟರ್ ಉದ್ದದ ಈ ಹೊಳೆ ನ್ಯಾಶ್‌ವಿಲ್‌ನ ಪಶ್ಚಿಮಕ್ಕೆ ಹಾವಿನಂತೆ ಸುತ್ತಿ ಸುತ್ತಿ ಕಂಬರ್ಲೆಂಡ್ ನದಿ ಸೇರುತ್ತದೆ. ಕಿಂಗ್‌ಸ್ಟನ್ ಸ್ಪ್ರಿಂಗ್ಸ್ ಊರು ದಾಟಿದ ಮೇಲೆ ‘ನ್ಯಾರೋಸ್’ ಅನ್ನುವ ಜಾಗ. ಅಲ್ಲಿ ಹೊಳೆ ಎಂಟು ಕಿಲೋಮೀಟರಿನಷ್ಟು ದೊಡ್ಡ ಸುತ್ತು ಹಾಕಿ, ಹೊರಟಲ್ಲಿಗೇ ಅಂದರೂ ತಪ್ಪಿಲ್ಲ, ಮರಳುತ್ತದೆ. ನಡುವೆ ಉಳಿಯುವುದು ಗೋಡೆಯಂಥ ಒಂದು ಕಲ್ಲಿನ ದಿಣ್ಣೆ ಮಾತ್ರ. ಈ ಬದಿ ದೋಣಿ ಇಳಿಸಿ, ಅರ್ಧ ದಿನ ತೇಲಿ, ಆ ಬದಿ ಹತ್ತಿ, ಕಾಲು ಮೈಲಿ ನಡೆದರೆ ನಿಮ್ಮ ಕಾರು. ಬೀಗವಿಲ್ಲ, ಸೈಕಲ್ಲಿಲ್ಲ, ಫೋನಿಲ್ಲ.

ಆ ದಿಣ್ಣೆಯನ್ನು ನೋಡಿ ಎರಡು ಶತಮಾನದ ಹಿಂದೆ ಇನ್ನೊಬ್ಬನಿಗೆ ಬೇರೆಯೇ ಯೋಚನೆ ಬಂತು. ಮಾಂಟ್‌ಗಮರಿ ಬೆಲ್ ಎಂಬ ಕಬ್ಬಿಣದ ಧಣಿ. ಎಂಟು ಕಿಲೋಮೀಟರ್ ಉದ್ದಕ್ಕೂ ಹೊಳೆ ಸ್ವಲ್ಪ ಸ್ವಲ್ಪವೇ ಇಳಿಯುವ ಎತ್ತರವನ್ನೆಲ್ಲ ಒಂದೇ ಕಡೆ ದಕ್ಕಿಸಿಕೊಂಡರೆ ಅದರ ರಭಸದಿಂದ ಕುಲುಮೆಯ ಸುತ್ತಿಗೆ ಬಡಿಸಬಹುದು ಎಂದು ಲೆಕ್ಕ ಹಾಕಿದ. 1818 ಮತ್ತು 1820ರ ನಡುವೆ ಆ ದಿಣ್ಣೆಯ ಹೊಟ್ಟೆ ಸೀಳಿ 290 ಅಡಿ ಉದ್ದದ ಸುರಂಗ ಕೊರೆಸಿದ. ಕೊರೆದವರು ಅವನ ಗುಲಾಮರಾಗಿದ್ದ ಕರಿಯ ಜನ, ಉಳಿ, ಸುತ್ತಿಗೆ, ಕರಿಮದ್ದು ಹಿಡಿದು. ಕುಲುಮೆ ಹೋಗಿ ಕಾಲವಾಯಿತು, ಧಣಿಯ ಹೆಸರು ಹತ್ತಿರದ ಉದ್ಯಾನವೊಂದಕ್ಕೆ ಉಳಿದಿದೆ, ಕೊರೆದವರ ಹೆಸರು ಫಲಕದಲ್ಲಿಲ್ಲ. ಸುರಂಗದಿಂದ ನೀರು ಇವತ್ತಿಗೂ ಭೋರೆಂದು ಬೀಳುತ್ತದೆ. ಅದರ ಕೆಳಗಿನ ಮಡುವಿನಲ್ಲಿ ಮಕ್ಕಳು ಈಜುತ್ತಾರೆ, ಬಾಸ್ ಮೀನು ನಿಲ್ಲುತ್ತದೆ. ಅಲ್ಲಿ ಗಾಳ ಹಾಕುವಾಗ ಗೋಡೆಯ ಉಳಿಯ ಗುರುತುಗಳ ಕಡೆ ಕಣ್ಣು ಹೋಗದೆ ಇರುವುದಿಲ್ಲ.

ಹೊಳೆಯ ಎರಡು ತುದಿ ಹತ್ತಿರ ಬರುವ ಇಂಥ ಕಿರಿದಾದ ಕೊರಳುಗಳು ಬೇರೆ ಕಡೆಯೂ ಇವೆ. ಯೂಟಾದ ಗ್ರೀನ್ ನದಿಯಲ್ಲಿ ಬೋನಾಟ್ ಬೆಂಡ್ ಎಂಬಲ್ಲಿ ನೀರು ಹನ್ನೊಂದು ಹನ್ನೆರಡು ಕಿಲೋಮೀಟರ್ ಸುತ್ತಿ ಬಂದು ಅರ್ಧ ಕಿಲೋಮೀಟರಿಗಿಂತ ಕಡಿಮೆ ಅಂತರಕ್ಕೆ ಮರಳುತ್ತದೆ. ಅಲ್ಲಿ ಕಡಿದಾದ ಬಂಡೆ ಹತ್ತಿ ಇಳಿಯಬೇಕು, ಸುತ್ತ ಮರುಭೂಮಿ. ಕಾರು ಬರುವ ಜಾಗವೇ ಅಲ್ಲ. ನಕಾಶೆಯಲ್ಲಿ ಹೊಳೆಯ ಉದ್ದವನ್ನೂ ರಸ್ತೆಯ ಉದ್ದವನ್ನೂ ಬೇರೆಬೇರೆ ಅಳೆದು ನೋಡುವ ಅಭ್ಯಾಸ ಒಂಟಿಗನಿಗೆ ಬೇಕು. ಹೊಳೆ ಹೆಚ್ಚು ಸುತ್ತಿದಷ್ಟೂ ಅವನಿಗೆ ಲಾಭ. ಆ ದಿನದ ನನ್ನ ಲೆಕ್ಕ: ಹೊಳೆಯಲ್ಲಿ ಹದಿನಾಲ್ಕು ಕಿಲೋಮೀಟರ್ ಮೀನು, ರಸ್ತೆಯಲ್ಲಿ ಒಂಬತ್ತೇ ಕಿಲೋಮೀಟರ್ ಸೈಕಲ್ಲು.

ನೀರಿನ ಮಟ್ಟವನ್ನೂ ನೋಡಿಕೊಂಡೇ ಹೊರಡಬೇಕು. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯವರು ಹೊಳೆಗಳಲ್ಲಿ ಮಾಪಕ ಕೂರಿಸಿ ಹರಿವಿನ ಅಂಕಿಯನ್ನು ಆಗಾಗ ಪ್ರಕಟಿಸುತ್ತಾರೆ, ಫೋನಿನಲ್ಲೇ ಸಿಗುತ್ತದೆ. ಆಗಸ್ಟಿನಲ್ಲಿ ಹಾರ್ಪೆತ್ ಬತ್ತಿದಾಗ ಜಲ್ಲಿಯ ಮೇಲೆ ದೋಣಿ ಎಳೆಯುವುದರಲ್ಲೇ ಎರಡು ಗಂಟೆ ಹೋಗುತ್ತದೆ, ಐದು ಗಂಟೆಯ ತೇಲು ಏಳಾಗುತ್ತದೆ, ಕತ್ತಲು ಹಿಡಿಯುತ್ತದೆ. ಮಳೆ ಬಂದರೆ ಇನ್ನೊಂದು ಅತಿರೇಕ. 2010ರ ಮೇ 1 ಮತ್ತು 2ರಂದು ನ್ಯಾಶ್‌ವಿಲ್‌ನಲ್ಲಿ ಹದಿಮೂರು ಅಂಗುಲಕ್ಕೂ ಹೆಚ್ಚು ಮಳೆ ಸುರಿದು ಈ ಸಾಧು ಹೊಳೆಯೇ ಮನೆಗಳಿಗೆ ನುಗ್ಗಿತ್ತು. ಎಲ್ಲಿ ಇಳಿಯುತ್ತೇನೆ, ಎಲ್ಲಿ ಹತ್ತುತ್ತೇನೆ, ಎಷ್ಟು ಹೊತ್ತಿನೊಳಗೆ ಫೋನ್ ಬರದಿದ್ದರೆ ಗಾಬರಿಯಾಗಬೇಕು ಎಂಬ ಮೂರು ಸಾಲಿನ ಚೀಟಿ ನಮ್ಮ ಮನೆಯ ಫ್ರಿಜ್ಜಿನ ಮೇಲೆ ಅಂಟಿರುತ್ತದೆ.

ಬೀಗದ ಕೈ ಮರೆತ ಸಂಜೆ ಆ ಚೀಟಿಯಲ್ಲಿದ್ದ ಗಡುವು ಎಂಟು ಗಂಟೆ. ಕಣಿವೆಯಲ್ಲಿ ಸಿಗ್ನಲ್ ಇಲ್ಲ. ಟ್ಯಾಕ್ಸಿ ಕರೆಯುವಂತಿಲ್ಲ, ಮನೆಗೆ ಹೇಳುವಂತಿಲ್ಲ. ಉಳಿದದ್ದು ಹೆಬ್ಬೆರಳು. ಪರದೇಶದ ಹಳ್ಳಿ ರಸ್ತೆಯಲ್ಲಿ, ಮುಸ್ಸಂಜೆಯಲ್ಲಿ, ಒದ್ದೆ ಪ್ಯಾಂಟಿನ ಕಂದು ಬಣ್ಣದ ಮನುಷ್ಯ ಲಿಫ್ಟ್ ಕೇಳಿದರೆ ಯಾರು ನಿಲ್ಲಿಸುತ್ತಾರೆ? ಹೊಳೆಯವರು ಹೇಳಿಕೊಟ್ಟ ಒಂದು ಗುಟ್ಟು ನೆನಪಾಯಿತು. ಲೈಫ್ ಜಾಕೆಟ್ ಬಿಚ್ಚಬೇಡ, ಕೈಯಲ್ಲಿ ಹುಟ್ಟು ಹಿಡಿದು ನಿಲ್ಲು. ಹುಟ್ಟು ಹಿಡಿದವನು ಯಾರು, ಎಲ್ಲಿಂದ ಬಂದ, ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಆ ಸೀಮೆಯವರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಎರಡು ಕಾರು ಹೋದವು. ಮೂರನೆಯದು ತುಕ್ಕು ಹಿಡಿದ ಪಿಕಪ್, ಓಡಿಸುತ್ತಿದ್ದವರು ಎಪ್ಪತ್ತು ದಾಟಿದ ಅಜ್ಜ, ಪಕ್ಕದ ಸೀಟಿನಲ್ಲಿ ನಾಯಿ.

“ಮೇಲಿನ ಸೇತುವೆಗೆ ತಾನೇ?” ಅಂದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಸೀಟು ನಾಯಿಯದ್ದು, ಆದ್ದರಿಂದ ನಾನು ಹಿಂದೆ, ಹುಲ್ಲಿನ ಪೆಂಡಿಗಳ ನಡುವೆ. ಇಳಿಯುವಾಗ ದುಡ್ಡು ಕೊಡಲು ಹೋದರೆ ಕೈ ಅಡ್ಡ ಹಿಡಿದರು. “ಮೀನು ಸಿಕ್ಕಿತಾ?” ಸಿಕ್ಕಿತ್ತು, ಮೂರು ಬಾಸ್, ಮೂರನ್ನೂ ನೀರಿಗೇ ಬಿಟ್ಟೆ ಅಂದೆ. ಹಾಗಾದರೆ ಇಷ್ಟೆಲ್ಲ ಯಾಕೆ ಎಂಬ ಮುಖ ಮಾಡಿ ಗೇರು ಹಾಕಿದರು.

ಏಳೂಮುಕ್ಕಾಲಿಗೆ ಗುಡ್ಡದ ಮೇಲೆ ಸಿಗ್ನಲ್ ಬಂತು. ಮನೆಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

“ರೀ, ಸೈಕಲ್ಲಿನ ಕೀಯನ್ನು ಕಾರಲ್ಲಿ ಯಾಕ್ರೀ ಇಟ್ರಿ?” ಅಂದಳು ಹೆಂಡತಿ.

ಆಮೇಲೆ ಕೀಯಿನ ಬೀಗ ಬಿಟ್ಟು ಅಂಕಿ ತಿರುಗಿಸುವ ಬೀಗ ಕೊಂಡೆ. ದಾವಣಗೆರೆಯಲ್ಲಿ ಅಪ್ಪ ಓಡಿಸುತ್ತಿದ್ದ ಬಜಾಜ್ ಸ್ಕೂಟರಿನ ನಾಲ್ಕು ಅಂಕಿ, ಸಾಯುವವರೆಗೂ ಮರೆಯದ ನಂಬರು. ಕಾರಿನ ಕೀ ಪ್ಲಾಸ್ಟಿಕ್ ಚೀಲದೊಳಗೆ ಸೇರಿ, ಲೈಫ್ ಜಾಕೆಟ್ಟಿನ ಒಳಜೇಬಿನ ಕೊಂಡಿಗೆ ದಾರದಿಂದ ಕಟ್ಟಿಕೊಂಡಿದೆ. ಮುಂದಿನ ಶನಿವಾರ ಬೆಳಿಗ್ಗೆ ಐದೂವರೆಗೆ ದೋಣಿಯನ್ನು ಮೇಲಿನ ಕಡವಿನಲ್ಲಿ ಕಟ್ಟಿ, ಕಾರು ಕೆಳಗೆ ಬಿಟ್ಟು, ಬೆನ್ನಿಗೆ ಗಾಳದ ಕೋಲು ಏರಿಸಿ ಸೈಕಲ್ ತುಳಿಯುವವನಿದ್ದೇನೆ. ಮೊದಲ ಏರಿನ ತುದಿಯಲ್ಲಿ ಆ ಅಜ್ಜನ ಮನೆ ಇರಬೇಕು. ಅಲ್ಲಿ ಹುಲ್ಲಿನ ಪೆಂಡಿಗಳೂ ಅಂಥದೇ ನಾಯಿಯೂ ಕಂಡಿದ್ದವು.